ಸಾಫ್ಟ್‌ವೇರ್ ‘ಸ್ಥಿರ’ ಅಂದರೂ ಕೈ ಲೆಕ್ಕ ಬೇಕಾ?

ಪ್ರಶ್ನೆ: ಕಲಬುರಗಿಯಲ್ಲಿ ದ್ವಿತೀಯ ಪಿಯು ಓದುತ್ತಿದ್ದೇನೆ. ಗೆಳೆಯರು ಸೇರಿ ರಟ್ಟಿನ ಕೊಳವೆಯಿಂದ ಮಾದರಿ ರಾಕೆಟ್ ಮಾಡಿದ್ದೇವೆ. ಒಟ್ಟು ಉದ್ದ 400 ಮಿ.ಮೀ., ವ್ಯಾಸ 25, ಬಾಗಿದ ಅಂಚಿನ ಮೂತಿ 75. ಮೂರು ಫಿನ್ (ಬಾಲದ ರೆಕ್ಕೆ): ಬುಡ 60, ತುದಿ 30, ಚಾಚು 40, ಹಿಂದಿನ ಅಂಚು ಬಾಲಕ್ಕೆ ಸಮ. ಓಪನ್‌ರಾಕೆಟ್ ಅನ್ನೋ ರಾಕೆಟ್ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಸ್ಥಿರತೆ 1.5 ಕ್ಯಾಲಿಬರ್ ಬಂತು. ಆದರೂ ಫಿಸಿಕ್ಸ್ ಸರ್ ಕೈಯಲ್ಲಿ ಲೆಕ್ಕ ಮಾಡಿ ಅಂತಾರೆ. ಬೇಕಾ ಸರ್?

ಉತ್ತರ: ಬೇಕು. ಅರ್ಧ ಗಂಟೆಯ ಕೆಲಸ, ಮಾಡಿಬಿಡಿ.

ರಾಕೆಟ್ ನೆಟ್ಟಗೆ ಹಾರಲು ತೂಕದ ಕೇಂದ್ರ ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಅದರ ಹಿಂದಿರಬೇಕು. ನಡುವೆ ಕನಿಷ್ಠ ಒಂದು ವ್ಯಾಸದ ಅಂತರ ಬೇಕು. ಅದೇ ಒಂದು ಕ್ಯಾಲಿಬರ್. ಒತ್ತಡದ ಕೇಂದ್ರ ಹುಡುಕುವ ಸೂತ್ರಗಳನ್ನು ನಾಸಾದಲ್ಲಿದ್ದ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಕೊಟ್ಟರು. ಓಪನ್‌ರಾಕೆಟ್ ಬಳಸುವುದೂ ಅವನ್ನೇ, ಸ್ವಲ್ಪ ವಿಸ್ತರಿಸಿ.

ನಿಮ್ಮ ಅಳತೆಯನ್ನೇ ಸೂತ್ರಕ್ಕೆ ಹಾಕಿದೆ. ಗಾಳಿ ಅಡ್ಡ ತಳ್ಳುವ ಬಲದಲ್ಲಿ ಮೂತಿಯ ಪಾಲು 2, ಅದರ ಕೇಂದ್ರ ತುದಿಯಿಂದ 35 ಮಿ.ಮೀ. ಮೂರೂ ಫಿನ್‌ಗಳ ಪಾಲು ಸುಮಾರು 16, ಕೇಂದ್ರ 365ರಲ್ಲಿ. ನೇರ ಕೊಳವೆಯ ಪಾಲು ಸೊನ್ನೆ. 2×35 ಮತ್ತು 16×365 ಕೂಡಿಸಿ 18ರಿಂದ ಭಾಗಿಸಿ: 328 ಮಿ.ಮೀ. ಸಾಫ್ಟ್‌ವೇರ್‌ನಲ್ಲೂ ಇದರ ಆಸುಪಾಸೇ ಬರಬೇಕು. ದೂರ ಹೋದರೆ ಯಾವುದೋ ಅಳತೆ ತಪ್ಪಾಗಿ ಟೈಪ್ ಆಗಿದೆ. ವ್ಯಾಸದ ಜಾಗದಲ್ಲಿ ತ್ರಿಜ್ಯ ಹಾಕುವುದು ತುಂಬಾ ಸಾಮಾನ್ಯ.

ಆದರೆ ಜಾಸ್ತಿ ಎಡವಟ್ಟಾಗುವುದು ಇಲ್ಲಲ್ಲ, ತೂಕದಲ್ಲಿ. 1.5 ಕ್ಯಾಲಿಬರ್ ಅಂದರೆ 37.5 ಮಿ.ಮೀ. ಅಂದರೆ ಸಾಫ್ಟ್‌ವೇರ್ ನಿಮ್ಮ ತೂಕದ ಕೇಂದ್ರ 291ರ ಹತ್ತಿರ ಇದೆ ಅಂತ ನಂಬಿದೆ. ಫಿನ್ ಬುಡಕ್ಕೆ ಎಷ್ಟು ಫೆವಿಕಾಲ್ ಮೆತ್ತಿದಿರಿ, ಬಣ್ಣ ಎಷ್ಟು ಸಲ ಬಳಿದಿರಿ, ಅದಕ್ಕೇನು ಗೊತ್ತು? ಆ ಭಾರವೆಲ್ಲ ಬಾಲಕ್ಕೇ ಬೀಳುತ್ತದೆ. ಪ್ಯಾರಾಶೂಟ್ ಮಡಚಿಟ್ಟು, ಎಂಜಿನ್‌ನಷ್ಟೇ ತೂಕದ ಡಮ್ಮಿ ಸೇರಿಸಿ, ದಾರದ ಕುಣಿಕೆಯಲ್ಲಿ ರಾಕೆಟ್ ಅಡ್ಡ ತೂಗಿಬಿಡಿ. ಸಮತೋಲನ ನಿಂತ ಜಾಗವನ್ನು ಮೂತಿಯ ತುದಿಯಿಂದ ಅಳೆಯಿರಿ. 328ರಿಂದ ಒಂದು ವ್ಯಾಸ ಕಳೆದರೆ 303; ಅದರೊಳಗೆ ಇದ್ದರೆ ಸರಿ. 315 ಬಂದರೆ ಮೂತಿಯೊಳಗೆ ಜೇಡಿಮಣ್ಣು ತುಂಬಿ. ಫಿನ್ ದೊಡ್ಡದು ಮಾಡಿದರೆ ಬಾಲದ ಭಾರವೂ ಏರುತ್ತದೆ, ನೆನಪಿರಲಿ. ಆಮೇಲೆ ತೂಗಿದ ತೂಕ, ಅಳೆದ ಕೇಂದ್ರ ಎರಡನ್ನೂ ಸಾಫ್ಟ್‌ವೇರ್‌ಗೆ ಕೊಡಿ.

ಅಲ್ಲಿಂದ ಮುಂದೆ ಸಾಫ್ಟ್‌ವೇರ್ ನಿಜಕ್ಕೂ ದೊಡ್ಡ ಸಹಾಯ. ಬ್ಯಾರೋಮನ್ ಸೂತ್ರ ರಾಕೆಟ್ ಗಾಳಿಗೆ ಸ್ವಲ್ಪವೇ ಓರೆಯಾದಾಗ ಮಾತ್ರ ಸರಿ. ನಮ್ಮ ಕಡೆಯ ಬಯಲು ಹೊಲದಲ್ಲಿ ಗಾಳಿಗೆ ತಡೆಯೇ ಇಲ್ಲ ಅಲ್ವಾ? ಉಡಾವಣೆ ಕಂಬಿ ಬಿಡುವಾಗ ವೇಗ ಕಮ್ಮಿಯಿದ್ದರೆ ಓರೆ ಜಾಸ್ತಿ, ಒತ್ತಡದ ಕೇಂದ್ರ ಮುಂದೆ ಸರಿಯುತ್ತದೆ. ಹಾಗಂತ ಅಂತರವನ್ನು ಸುಮ್ನೆ ಮೂರು ಕ್ಯಾಲಿಬರ್‌ಗೆ ಏರಿಸಬೇಡಿ. ಆಗ ರಾಕೆಟ್ ಗಾಳಿ ಬರುವ ದಿಕ್ಕಿಗೇ ಬಾಗಿ ಹೋಗುತ್ತದೆ. ಬೇರೆ ಬೇರೆ ಗಾಳಿ ವೇಗ ಹಾಕಿ ಎಲ್ಲಿ ಬೀಳುತ್ತದೆ ನೋಡಿ. ಇದನ್ನು ಕೈಯಲ್ಲಿ ಮಾಡಲು ಕೂತರೆ ವಾರ ಸಾಲದು.

ಎಂಜಿನ್‌ಗೆ ಮದ್ದನ್ನು ಮನೆಯಲ್ಲಿ ಅರೆಯುವ ಯೋಚನೆ ಮಾತ್ರ ಬೇಡವೇ ಬೇಡ. ಕಲಬುರಗಿಯಲ್ಲಿ ವಿಮಾನ ನಿಲ್ದಾಣವಿದೆ, ಬೀದರಿನಲ್ಲಿ ವಾಯುಪಡೆಯ ನೆಲೆ. ಹಾರಿಸುವ ಮುಂಚೆ ಸರ್ ಅವರನ್ನು ಕರೆದುಕೊಂಡು ಪೊಲೀಸ್ ಠಾಣೆಗೆ ಹೋಗಿ, ಯಾರ ಅನುಮತಿ ಬೇಕು ಅಂತ ಕೇಳಿಕೊಳ್ಳಿ.