ಪ್ರತಿ: ಸರ್ವೆಯವರು ಕೇಳದೆ ತೋಟಕ್ಕೆ ಇಳಿಯಬಹುದಾ?

ಕುಶಾಲನಗರದ ಹತ್ತಿರದ ನಿಮ್ಮ ಕಾಫಿ ತೋಟಕ್ಕೆ ರೈಲ್ವೆ ಸರ್ವೆ ಅಂತ ಬಂದವರು ನೀವಿಲ್ಲದಾಗ ಮೆಣಸಿನ ಬಳ್ಳಿ ಕಡಿದು ಗೂಟ ನೆಟ್ಟರು, ಇದು ಸರಿಯಾ ಅಂತ ಕೇಳಿದ್ದೀರಿ.

ಯಾವ ಕಾಯ್ದೆ, ಯಾರ ಆದೇಶ ಅಂತ ಮೊದಲು ಕೇಳಿ. ಸುಮ್ನೆ ಕಂಪನಿ ಐಡಿ ಕಾರ್ಡ್ ತೋರಿಸಿದರೆ ಸಾಲದು. 2013ರ ಭೂಸ್ವಾಧೀನ ಕಾಯ್ದೆಯ 12ನೇ ಕಲಂ ಅಡಿ ಬಂದಿದ್ದರೆ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಮತ್ತು ಅವರ ಕೆಲಸಗಾರರು ಒಳಗೆ ಬಂದು ಅಳೆಯಬಹುದು, ಗುರುತು ಹಾಕಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಬೆಳೆ, ಬೇಲಿ ಕಡಿಯಲೂಬಹುದು. ಆದರೆ ನೀವೋ, ನಿಮ್ಮ ಪರವಾಗಿ ಇರಲು ನೀವು ಬರೆದುಕೊಟ್ಟವರೋ ಜೊತೆಗಿರಬೇಕು. ಇಲ್ಲದಿದ್ದರೆ 60 ದಿನ ಮೊದಲೇ ನೋಟಿಸ್ ಕೊಟ್ಟಿರಬೇಕು. ಮನೆಯೊಳಗೆ, ಮನೆಗೆ ಸೇರಿದ ಅಂಗಳ, ಕೈತೋಟಕ್ಕೆ ಕಾಲಿಡಲು ನಿಮ್ಮ ಒಪ್ಪಿಗೆ ಬೇಕು, ಇಲ್ಲವೇ 7 ದಿನದ ಲಿಖಿತ ನೋಟಿಸ್.

ಬಳ್ಳಿಯ ವಿಷಯ ಮಾತ್ರ ಬಿಡಬೇಡಿ. ಫಸಲಿಗೆ ಬಂದ ಬಳ್ಳಿ ಮತ್ತೆ ಆಗೋಕೆ ವರ್ಷಗಳೇ ಬೇಕು, ಅಲ್ವಾ? ನಷ್ಟದ ದುಡ್ಡನ್ನು ಒಳಗೆ ಬರುವಾಗಲೇ ಕೊಡಬೇಕು ಅನ್ನುತ್ತದೆ 13ನೇ ಕಲಂ. ಮೊತ್ತ ಒಪ್ಪದಿದ್ದರೆ ತೀರ್ಮಾನ ಜಿಲ್ಲಾಧಿಕಾರಿಯದು. ಕಡಿದ ಬುಡ, ಮರ, ಗೂಟ ಒಂದೇ ಫೋಟೋದಲ್ಲಿ ಬರುವಂತೆ ತೆಗೆದಿಡಿ. ಸಿಟ್ಟಿಗೆ ಗೂಟ ಕೀಳಬೇಡಿ.

ಮೈಸೂರಿನಲ್ಲಿ ಹಳಿ ಪಕ್ಕದ ಸೈಟನ್ನು ಹಳಿ ಮೇಲೆ ನಿಂತು ಅಳೆಯಬಹುದಾ ಅಂತಲೂ ಕೇಳಿದ್ದೀರಿ. ಖಾಸಗಿ ಸರ್ವೆಯರ್ ರೈಲ್ವೆ ಅನುಮತಿ ಇಲ್ಲದೆ ಹಳಿ ಮೇಲೆ ನಿಲ್ಲುವಂತಿಲ್ಲ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲಾಗಬಹುದು.