ಕಲ್ಪನಾ ಹುಚ್ಚು ಬಿಡಬೇಕಾ?

ಹೋದ ಸಂಚಿಕೆಯಲ್ಲಿ ಹಳೇ ಹಾಡೊಂದರ ಬಗ್ಗೆ ಉತ್ತರಿಸುವಾಗ ನಟಿ ಕಲ್ಪನಾ ಹೆಸರು ಒಂದು ಸಾಲಲ್ಲಿ ಬಂದಿತ್ತು. ಅಷ್ಟಕ್ಕೇ ರಾಶಿ ಪತ್ರ. ಬೇರೆ ಪ್ರಶ್ನೆಗಳು ಮುಂದಿನ ಸಲ ಇರಲಿ, ಈ ಸಲ ಪೂರ್ತಿ ‘ಮಿನುಗುತಾರೆ’ ಕಲ್ಪನಾಗೇ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ‘ಶರಪಂಜರ’ ಬಂದಾಗ ಇನ್ನೂ ಪ್ರೈಮರಿ ಸ್ಕೂಲು. ಅಮ್ಮ, ಚಿಕ್ಕಮ್ಮಂದಿರ ಜೊತೆ ನೋಡಿ ಬಂದೆ. ಅವತ್ತಿಂದ ಕಲ್ಪನಾ ಅಂದರೆ ಪ್ರಾಣ. ಪೇಪರ್ ಕಟಿಂಗ್‌ಗಳೆಲ್ಲ ಇನ್ನೂ ಟ್ರಂಕಿನಲ್ಲಿವೆ. ‘ಅತ್ತೆ, ಅವರು ಹೋಗಿ ಎಷ್ಟು ವರ್ಷ ಆಯ್ತು, ಇನ್ನೂ ಯಾಕೆ ಈ ಹುಚ್ಚು?’ ಅಂತ ಸೊಸೆ ಕೇಳುತ್ತಾಳೆ. ನನಗೂ ಅನುಮಾನ. ಅಷ್ಟು ಚಿಕ್ಕ ವಯಸ್ಸಿಗೆ ಹೋದರಲ್ಲ ಅನ್ನುವ ಮರುಕವೇ ಅಭಿಮಾನವಾಗಿ ಉಳಿದಿದೆಯಾ?
– ಟೀಚರಮ್ಮ, ಹಾಸನ

ಉತ್ತರ: ಟೀಚರಮ್ಮ, ಲೆಕ್ಕ ನೀವೇ ಹಾಕಿ ನೋಡಿ. ‘ಶರಪಂಜರ’ ಬಂದಿದ್ದು 1971ರಲ್ಲಿ. ಕಲ್ಪನಾ ತೀರಿಕೊಂಡಿದ್ದು 1979ರಲ್ಲಿ. ನೀವು ಅಭಿಮಾನಿ ಆಗಿ ಎಂಟು ವರ್ಷ ಆದ ಮೇಲೆ. ಬದುಕಿದ್ದವರನ್ನು ನೋಡಿ ಹಿಡಿದ ಹುಚ್ಚು ಇದು, ಮರುಕದಿಂದ ಬಂದಿದ್ದು ಹೇಗಾಗುತ್ತೆ? ಮರುಕ ಆಮೇಲೆ ಬಂದು ಸೇರಿಕೊಂಡಿರಬಹುದು. ಅದೂ ತಪ್ಪಲ್ಲ, ಆದರೆ ಬುಡ ಅದಲ್ಲ.

ಬುಡ ಎಲ್ಲಿದೆ ಅಂತ ನನ್ನ ಲೆಕ್ಕ ಹೇಳುತ್ತೇನೆ. ಕಲ್ಪನಾಗೆ ಅತ್ಯುತ್ತಮ ನಟಿ ಅಂತ ರಾಜ್ಯ ಪ್ರಶಸ್ತಿ ಬಂದಿದ್ದು ಮೂರು ಚಿತ್ರಕ್ಕೆ: ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’. ಮೂರೂ ತ್ರಿವೇಣಿ ಅವರ ಕಾದಂಬರಿ. ಆ ತ್ರಿವೇಣಿ 1963ರಲ್ಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ವಯಸ್ಸು 34. ಕಲ್ಪನಾ ಮೊದಲ ಚಿತ್ರ ‘ಸಾಕು ಮಗಳು’ ಬಂದಿದ್ದೂ ಅದೇ 1963ರಲ್ಲಿ. ಅಂದರೆ ಒಬ್ಬಳು ಬರೆದಿಟ್ಟು ಹೋದಳು, ಇನ್ನೊಬ್ಬಳು ಬಂದು ‘ಬೆಳ್ಳಿಮೋಡ’ದ ಆ ಇಂದಿರಾಗೆ, ‘ಶರಪಂಜರ’ದ ಆ ಕಾವೇರಿಗೆ ಮುಖ ಕೊಟ್ಟಳು. ತಮ್ಮ ಇಂದಿರಾ ತೆರೆಯ ಮೇಲೆ ಹೇಗೆ ಕಾಣುತ್ತಾಳೆ ಅಂತ ತ್ರಿವೇಣಿ ನೋಡಲೇ ಇಲ್ಲ. ಕಲ್ಪನಾ ಬಗ್ಗೆ ಮಾತಾಡುವವರು ನಿರ್ದೇಶಕ ಪುಟ್ಟಣ್ಣ ಕಣಗಾಲ್ ಹೆಸರನ್ನು ಹತ್ತು ಸಲ ಹೇಳುತ್ತಾರೆ, ತ್ರಿವೇಣಿ ಹೆಸರನ್ನು ಒಂದು ಸಲ ಹೇಳುವುದೂ ಕಷ್ಟ. ಇದು ನನಗೆ ಯಾವತ್ತೂ ಸರಿ ಕಂಡಿಲ್ಲ.

ನಿಮ್ಮ ಅಮ್ಮ, ಚಿಕ್ಕಮ್ಮಂದಿರ ಕಾಲದ ಹೆಂಗಸರನ್ನು ಕೇಳಿ ನೋಡಿ. ಲೈಬ್ರರಿಯಿಂದ ಕಾದಂಬರಿ ತಂದು, ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಓದಿ, ಪಕ್ಕದ ಮನೆಯವರಿಗೆ ದಾಟಿಸಿ, ಆಮೇಲೆ ಅದೇ ಕಥೆ ಸಿನಿಮಾ ಆಯಿತು ಅಂತ ಗೊತ್ತಾದಾಗ ಗುಂಪು ಕಟ್ಟಿಕೊಂಡು ಹೋದವರು ಎಷ್ಟೋ ಜನ. ಅವರು ನೋಡೋಕೆ ಹೋಗಿದ್ದು ಹೀರೋಯಿನ್‌ನ ಅಲ್ಲ, ತಾವು ಆಗಲೇ ಬಲ್ಲ ಹುಡುಗಿಯನ್ನು.

ಇನ್ನು ಕಾವೇರಿ. ಬಾಣಂತನದಲ್ಲಿ ಮನಸ್ಸು ಕೆಡುತ್ತದೆ, ಆಸ್ಪತ್ರೆಗೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಕಾಯಿಲೆ ಹೋಗಿದೆ, ಆದರೆ ‘ಹುಚ್ಚಿ’ ಅನ್ನುವ ಹೆಸರು ಹೋಗಲ್ಲ. ನಕ್ಕರೂ ಅನುಮಾನ, ಸುಮ್ನೆ ಕೂತರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ವಾಲಿದೆ. ಕೊನೆಗೆ ಅವಳು ಮತ್ತೆ ಮುರಿದುಬೀಳುತ್ತಾಳೆ. ಹುಚ್ಚು ಹಿಡಿದ ದೃಶ್ಯಗಳಲ್ಲಿ ಕಲ್ಪನಾ ಚೆನ್ನಾಗಿ ಮಾಡಿದ್ದಾರೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಹಿಡಿಸುವುದು ವಾಸಿಯಾಗಿ ಬಂದ ಮೇಲಿನ ಭಾಗ. ತಾನು ಸರಿಯಾಗಿದ್ದೀನಿ ಅಂತ ಪ್ರತಿ ಗಳಿಗೆಯೂ ತೋರಿಸಬೇಕಾದವಳ ಮುಖ ಅದು, ಆ ನಗುವಿನ ಹಿಂದೆ ಒಂದು ಹೆದರಿಕೆ ಇದೆ. ಅಷ್ಟು ಚಿಕ್ಕ ವಯಸ್ಸಿನಲ್ಲಿ ನಿಮಗೆ ಬಾಣಂತಿಯ ಕಾಯಿಲೆ ಗೀಯಿಲೆ ಅರ್ಥವಾಗಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತು ಕಣ್ಣೊರೆಸಿಕೊಂಡ ಅಮ್ಮನ ಮುಖ ಅರ್ಥವಾಗಿರುತ್ತೆ. ಸೊಸೆಯನ್ನು ಒಂದು ಭಾನುವಾರ ಕೂರಿಸಿಕೊಂಡು ‘ಶರಪಂಜರ’ ಹಾಕಿ. ಆಮೇಲೂ ಅವಳು ಅದೇ ಪ್ರಶ್ನೆ ಕೇಳಿದರೆ ಮತ್ತೆ ಬರೆಯಿರಿ. ಕಟಿಂಗ್‌ಗಳಿಗೆ ಗೆದ್ದಲು ಹತ್ತದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಿಜ ಹೇಳಿ, ಕಲ್ಪನಾದು ಓವರ್ ಆಕ್ಟಿಂಗ್ ಅಲ್ವಾ?
– ಕಾಲೇಜು ಹುಡುಗ, ತುಮಕೂರು

ಉತ್ತರ: ಕೆಲವು ಕಡೆ ಹೌದು. ಟೀಚರಮ್ಮ ಬೈದರೂ ಪರವಾಗಿಲ್ಲ. ಕೊನೆಕೊನೆಯ ಚಿತ್ರಗಳಲ್ಲಿ ಅಳು, ನಡುಗುವ ದನಿ, ಎದುರಿನವರ ಮಾತು ಮುಗಿಯುವ ಮುಂಚೆಯೇ ತುಂಬಿಕೊಳ್ಳುವ ಕಣ್ಣು, ಇವೆಲ್ಲ ರೂಢಿಯಾಗಿಬಿಟ್ಟಿದ್ದವು. ಜನ ಕೇಳಿದ್ದೂ ಅದನ್ನೇ, ನಿರ್ಮಾಪಕರು ಬರೆಸಿದ್ದೂ ಅದನ್ನೇ.

ಆದರೆ ನೀನು 1967ರ ‘ಬೆಳ್ಳಿಮೋಡ’ ನೋಡಿ ಆಮೇಲೆ ಮಾತಾಡಪ್ಪ. ಎಸ್ಟೇಟ್ ಮಾಲೀಕರ ಒಬ್ಬಳೇ ಮಗಳು ಇಂದಿರಾ. ಅವಳಿಗೆ ಗೊತ್ತು ಮಾಡಿದ ಹುಡುಗ ಅವಳಪ್ಪನ ದುಡ್ಡಲ್ಲೇ ಅಮೆರಿಕಕ್ಕೆ ಓದೋಕೆ ಹೋಗುತ್ತಾನೆ. ಅಷ್ಟರಲ್ಲಿ ಇವಳಿಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಇವಳಿಗೆ ಬರಲ್ಲ ಅಂತ ಗೊತ್ತಾದ ಕೂಡಲೇ ಹುಡುಗನಿಗೆ ಮದುವೆ ಬೇಡ. ಮುಂದೆ ಅವನೇ ಪೆಟ್ಟಾಗಿ ಮಲಗಿದಾಗ ಇಂದಿರಾ ಆರೈಕೆ ಮಾಡುತ್ತಾಳೆ. ಅವನು ಈಗ ಮದುವೆಯಾಗೋಣ ಅನ್ನುತ್ತಾನೆ. ಇವಳು ಒಲ್ಲೆ ಅನ್ನುತ್ತಾಳೆ. ಆರೈಕೆ ಮಾಡಿದ್ದಕ್ಕೆ ಮದುವೆಯೂ ಆಗುತ್ತಾಳೆ ಅಂತ ಕಾದು ಕೂತ ಪ್ರೇಕ್ಷಕರಿಗೆ ಅದು ಎಂಥ ಏಟು! ಅಲ್ಲಿ ಕಿರುಚಾಟ ಇಲ್ಲ. ಹಟವೂ ಅಲ್ಲ, ಸೇಡೂ ಅಲ್ಲ, ಸುಮ್ಮನೆ ಬೇಡ ಅನ್ನಿಸಿದೆ ಅಷ್ಟೇ. ಅದನ್ನು ಹಾಗೇ ತೋರಿಸಬಲ್ಲ ನಟಿಯರು ಇವತ್ತಿಗೂ ಕಡಿಮೆ.

ಪ್ರಶ್ನೆ: ಪುಟ್ಟಣ್ಣ ಇಲ್ಲದಿದ್ದರೆ ಕಲ್ಪನಾ ಇರುತ್ತಿದ್ದರಾ?
– ಮೈಸೂರಿನ ಓದುಗರು

ಉತ್ತರ: ‘ಹಣ್ಣೆಲೆ ಚಿಗುರಿದಾಗ’ ಚಿತ್ರದ ನಿರ್ದೇಶಕರು ಎಂ.ಆರ್. ವಿಠಲ್, ಪುಟ್ಟಣ್ಣ ಅಲ್ಲ. ‘ಎರಡು ಕನಸು’ ದೊರೆ-ಭಗವಾನ್ ಅವರದು. ಅದರ ‘ಪೂಜಿಸಲೆಂದೇ ಹೂಗಳ ತಂದೆ’ ಹಾಡಿನಲ್ಲಿ ತನ್ನ ಕಡೆ ತಿರುಗಿಯೂ ನೋಡದ ಗಂಡನ ಎದುರು ನಿಂತ ಆಕೆಯನ್ನು ನೋಡಿ. ಪುಟ್ಟಣ್ಣ ದೊಡ್ಡವರು, ಆ ಮಾತು ಬೇರೆ. ‘ಗೆಜ್ಜೆಪೂಜೆ’ಯ ಚಂದ್ರಾ, ‘ಶರಪಂಜರ’ದ ಕಾವೇರಿ ಅವರ ಕೈಯಲ್ಲೇ ಆಗಬೇಕಿತ್ತು. ಆದರೆ ಕಲ್ಪನಾ ಇಲ್ಲದೆ ಆ ಪುಟ್ಟಣ್ಣ ಇರುತ್ತಿದ್ದರಾ ಅಂತ ಯಾರೂ ಯಾಕೆ ಕೇಳಲ್ಲ?

ಪ್ರಶ್ನೆ: ಕಲ್ಪನಾ ಸಾವಿನ ಹಿಂದಿನ ಅಸಲಿ ಗುಟ್ಟು ಬರೆಯಿರಿ. ಧೈರ್ಯ ಇದ್ದರೆ!
– ಹೆಸರು ಬೇಡ ಅಂದವರು

ಉತ್ತರ: ಧೈರ್ಯ ಇರುವುದಕ್ಕೇ ಬರೆಯಲ್ಲ ಅನ್ನುತ್ತಿದ್ದೇನೆ. 1979ರ ಮೇ ತಿಂಗಳು, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಮಂದಿರ. ಸಿನಿಮಾ ಅವಕಾಶ ಕಡಿಮೆಯಾಗಿ, ನಾಟಕ ಕಂಪನಿಯ ಜೊತೆ ಆ ಕಡೆ ಊರೂರು ತಿರುಗುತ್ತಿದ್ದ ಕಾಲ. ಇನ್ನೂ 36 ತುಂಬಿರಲಿಲ್ಲ. ಇಷ್ಟು ಸಾಕು. ಹನ್ನೆರಡು ವರ್ಷದ ಹಿಂದೆ ‘ಬೆಳ್ಳಿಮೋಡ’ ಮಾಡಿದ ನಟಿಗೆ ಮೂವತ್ತೈದಕ್ಕೇ ಪಾತ್ರ ಇಲ್ಲ ಅಂದ ಚಿತ್ರರಂಗದ ಬಗ್ಗೆ ಕೇಳಿದ್ದರೆ ಎರಡು ಪುಟ ಬರೆಯುತ್ತಿದ್ದೆ.

ಪ್ರಶ್ನೆ: ಶಂಕರ್‌ನಾಗ್ ಕೂಡ ಚಿಕ್ಕ ವಯಸ್ಸಿಗೇ ಹೋದರು. ಅವರ ಫೋಟೊ ಆಟೊ ಆಟೊ ಮೇಲೂ ಇದೆ. ಕಲ್ಪನಾದು ಎಲ್ಲೂ ಕಾಣಲ್ಲ. ಯಾಕೆ?
– ಆಟೊ ಚಾಲಕರು, ದಾವಣಗೆರೆ

ಉತ್ತರ: ಒಳ್ಳೇ ಪ್ರಶ್ನೆ ಅಣ್ಣ. ನಿಮ್ಮ ದಾವಣಗೆರೆ ಹತ್ತಿರದ ಆನಗೋಡಿನಲ್ಲೇ ಅಲ್ವಾ, 1990ರ ಸೆಪ್ಟೆಂಬರ್ 30ಕ್ಕೆ ಅಪಘಾತ ಆಗಿದ್ದು. ಶಂಕರ್‌ಗೂ ಆಗ 35 ವರ್ಷ. 1980ರ ‘ಆಟೋ ರಾಜ’ ಆದ ಮೇಲೆ ಆಟೊದವರು ಅವರನ್ನು ತಮ್ಮವನೇ ಅಂದುಕೊಂಡರು. ಫೋಟೊ ಅಂಟಿಸೋಕೆ ಗಾಡಿ ಇತ್ತು, ಗಾಡಿ ಊರೆಲ್ಲ ತಿರುಗಿತು. ಕಲ್ಪನಾ ಅಭಿಮಾನಿಗಳು ಜಾಸ್ತಿ ಹೆಂಗಸರು, ಅವರ ಹತ್ತಿರ ಆಟೊ ಎಲ್ಲಿತ್ತು? ಅವರು ಟೈಲರ್ ಹತ್ತಿರ ಹೋಗಿ ‘ಕಲ್ಪನಾ ಥರ ತೋಳು ಇಡಪ್ಪ’ ಅಂದರು. ಸೆರಗು ಹಾಗೆ ಹೊದ್ದರು, ಕೈತುಂಬ ಬಳೆ ಹಾಕಿಕೊಂಡರು. ನಿಮ್ಮ ಮನೆಯ ಹಳೇ ಮದುವೆ ಆಲ್ಬಂ ತೆಗೆದು ನೋಡಿ, ಎರಡನೇ ಸಾಲಲ್ಲಿ ನಿಂತಿರುವ ಅತ್ತೆಯೋ ಚಿಕ್ಕಮ್ಮನೋ ಒಬ್ಬರಾದರೂ ಹಾಗೇ ಇರುತ್ತಾರೆ.

ಪ್ರಶ್ನೆ: ನಾನು ಒಂದೂ ನೋಡಿಲ್ಲ. ಎಲ್ಲಿಂದ ಶುರು ಮಾಡಲಿ? ಅಳುವ ಸಿನಿಮಾ ಬೇಡ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಳು ಬೇಡ ಅಂದರೆ ಕಲ್ಪನಾ ಹತ್ತಿರ ಬರುವುದು ಕಷ್ಟ ಕಣಮ್ಮ! ಆದರೂ 1973ರ ‘ಗಂಧದ ಗುಡಿ’ಯಿಂದ ಶುರು ಮಾಡು, ರಾಜ್‌ಕುಮಾರ್ ಜೊತೆ ಕಾಡು, ಹಾಡು, ನಗು ಎಲ್ಲ ಇದೆ. ಆಮೇಲೆ ‘ಬೆಳ್ಳಿಮೋಡ’. ಮಧ್ಯದಲ್ಲಿ ಅನಂತ್‌ನಾಗ್ ಜೊತೆಗಿನ ‘ಬಯಲು ದಾರಿ’ ನೋಡಿದರೂ ಸರಿ, ಬರೀ ಹಾಡು ಕೇಳಿದರೂ ಸರಿ. ‘ಗೆಜ್ಜೆಪೂಜೆ’, ‘ಶರಪಂಜರ’ ಎರಡನ್ನೂ ಒಂದೇ ದಿನ ನೋಡಬೇಡ, ಮಾರನೇ ದಿನ ಆಫೀಸಿಗೆ ಹೋಗೋಕೆ ಆಗಲ್ಲ. ಬಿಡುವಿದ್ದರೆ ತ್ರಿವೇಣಿ ಕಾದಂಬರಿಯನ್ನು ಮೊದಲು ಓದಿ ಆಮೇಲೆ ಸಿನಿಮಾ ನೋಡು. ಪುಸ್ತಕ ಈಗಲೂ ಅಂಗಡಿಯಲ್ಲಿ ಸಿಗುತ್ತವೆ.