ಎಲೆಕ್ಟ್ರಾನಿಗೆ ಗಾತ್ರವಿದೆಯೇ?

ಪ್ರಶ್ನೆ: ಎಲೆಕ್ಟ್ರಾನ್ ಬಿಂದುವಿನಂಥ ಕಣ, ಅದಕ್ಕೆ ಗಾತ್ರವೇ ಇಲ್ಲ ಎಂದು ಓದಿದ್ದೇನೆ. ಆದರೆ ಭೌತವಿಜ್ಞಾನದ ಕೋಷ್ಟಕಗಳಲ್ಲಿ ಅದರ ತ್ರಿಜ್ಯ 2.82 × 10⁻¹⁵ ಮೀಟರ್ ಎಂದೂ ಕೊಟ್ಟಿರುತ್ತಾರೆ. ಯಾವುದು ಸರಿ? ಗಾತ್ರವೇ ಇಲ್ಲದ ಕಣದಲ್ಲಿ ವಿದ್ಯುದಾವೇಶ ಇರುವುದಾದರೂ ಎಲ್ಲಿ?

ಉತ್ತರ: ಕೋಷ್ಟಕದ ಆ ಸಂಖ್ಯೆ ಲೆಕ್ಕಾಚಾರದಿಂದ ಬಂದದ್ದು, ಎಲೆಕ್ಟ್ರಾನಿನ ಗಾತ್ರವನ್ನು ಯಾರೂ ಅಳೆದು ಕಂಡುಕೊಂಡದ್ದಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ ಬಳಿಕ, ಲೊರೆಂಟ್ಸ್ ಮತ್ತು ಅಬ್ರಹಾಂ ಅದನ್ನು ಆವೇಶ ಹೊತ್ತ ಪುಟ್ಟ ಗೋಳವೆಂದು ಭಾವಿಸಿ ಸಿದ್ಧಾಂತ ಕಟ್ಟಿದರು. ಅಂಥ ಗೋಳವನ್ನು ಕುಗ್ಗಿಸಿದಷ್ಟೂ ಅದರ ವಿದ್ಯುತ್ ಕ್ಷೇತ್ರದಲ್ಲಿರುವ ಶಕ್ತಿ ಏರುತ್ತದೆ. ಆ ಶಕ್ತಿಯು ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿಯಷ್ಟೇ ಆಗಬೇಕಾದರೆ ಗೋಳವು ಸ್ಥೂಲವಾಗಿ ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕಕ್ಕೆ ಸಿಕ್ಕ ಉತ್ತರ ಈ 'ಶಾಸ್ತ್ರೀಯ ತ್ರಿಜ್ಯ'. ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರವಾದ ಪ್ರೋಟಾನಿನ ತ್ರಿಜ್ಯ ಕೇವಲ 0.84 × 10⁻¹⁵ ಮೀಟರ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಇದನ್ನು ನಿಜವಾದ ಗಾತ್ರವೆಂದು ಒಪ್ಪುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಎಕ್ಸ್-ಕಿರಣಗಳು ಎಲೆಕ್ಟ್ರಾನುಗಳಿಂದ ಚದುರುವ ಪ್ರಮಾಣವನ್ನು ಲೆಕ್ಕ ಹಾಕಲು ಈ ಸಂಖ್ಯೆ ಈಗಲೂ ಬೇಕಾಗುವುದರಿಂದ ಅದು ಕೋಷ್ಟಕಗಳಲ್ಲಿ ಉಳಿದುಕೊಂಡಿದೆ.

ಕಣವೊಂದರ ಗಾತ್ರವನ್ನು ನಿಜವಾಗಿ ಪರೀಕ್ಷಿಸುವ ದಾರಿ ಬೇರೆ. ಅದಕ್ಕೆ ಇನ್ನೊಂದು ಕಣವನ್ನು ಬಲವಾಗಿ ಡಿಕ್ಕಿ ಹೊಡೆಸಿ, ಎರಡೂ ಬಿಂದುಗಳಾಗಿದ್ದರೆ ಹೇಗೆ ಚದುರಬೇಕಿತ್ತೋ ಹಾಗೆಯೇ ಚದುರಿದವೇ ಎಂದು ನೋಡಬೇಕು. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಪ್ರೋಟಾನುಗಳ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿದಾಗ ಬಿಂದುವಿನ ಲೆಕ್ಕ ತಪ್ಪಿತು. ಪ್ರೋಟಾನಿಗೆ ಗಾತ್ರವಿದೆ ಎಂದು ಹಾಗೆ ಖಚಿತವಾಯಿತು. ಎಲೆಕ್ಟ್ರಾನಿನ ವಿಷಯದಲ್ಲಿ ಲೆಕ್ಕ ಇದುವರೆಗೆ ತಪ್ಪಿಲ್ಲ. ಯುರೋಪಿನ ಕಣಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ 1989ರಿಂದ 2000ದವರೆಗೆ ನಡೆದ ಎಲೆಕ್ಟ್ರಾನ್–ಪಾಸಿಟ್ರಾನ್ (ಎಲೆಕ್ಟ್ರಾನಿನ ಧನ ಆವೇಶದ ಪ್ರತಿಕಣ) ಡಿಕ್ಕಿಗಳ ಫಲಿತಾಂಶಗಳ ಪ್ರಕಾರ, ಎಲೆಕ್ಟ್ರಾನಿಗೆ ಒಳರಚನೆ ಏನಾದರೂ ಇದ್ದರೆ ಅದು ಸುಮಾರು 10⁻¹⁸ ಮೀಟರಿಗಿಂತ, ಎಂದರೆ ಪ್ರೋಟಾನಿನ ಸಾವಿರದ ಒಂದು ಭಾಗಕ್ಕಿಂತ, ಚಿಕ್ಕದಿರಬೇಕು. ಆದ್ದರಿಂದ 'ಗಾತ್ರ ಶೂನ್ಯ' ಎನ್ನುವುದಕ್ಕಿಂತ 'ನೋಡಲು ಸಾಧ್ಯವಾದಷ್ಟು ಆಳದವರೆಗೂ ಗಾತ್ರ ಕಂಡಿಲ್ಲ' ಎನ್ನುವುದೇ ನ್ಯಾಯವಾದ ಮಾತು ಎಂದು ನನಗೆ ಅನ್ನಿಸುತ್ತದೆ. ಪ್ರಯೋಗ ಕೊಡಬಲ್ಲದ್ದು ಒಂದು ಮಿತಿಯನ್ನು ಮಾತ್ರ.

ಆವೇಶ ಎಲ್ಲಿರುತ್ತದೆ ಎಂಬ ಪ್ರಶ್ನೆ, ಆವೇಶವನ್ನು ಕಣದ ಮೇಲೆ ಬಳಿದ ವಸ್ತುವಿನಂತೆ ಕಲ್ಪಿಸಿಕೊಳ್ಳುವುದರಿಂದ ಹುಟ್ಟುತ್ತದೆ. ಕಣವು ವಿದ್ಯುತ್ಕಾಂತೀಯ ಕ್ಷೇತ್ರದೊಂದಿಗೆ ಎಷ್ಟು ಬಲವಾಗಿ ವರ್ತಿಸುತ್ತದೆ ಎಂಬುದರ ಅಳತೆಯೇ ಆವೇಶ. ಅದಕ್ಕೆ ಕೂರಲು ಜಾಗ ಬೇಕಿಲ್ಲ. ಹಾಗೆಂದು ತೊಡಕೇ ಇಲ್ಲವೆಂದಲ್ಲ. ತ್ರಿಜ್ಯವನ್ನು ಶೂನ್ಯಕ್ಕಿಳಿಸಿದರೆ ಆ ಹಳೆಯ ಲೆಕ್ಕದ ಶಕ್ತಿ ಅನಂತವಾಗುತ್ತದೆ, ಕ್ವಾಂಟಮ್ ಸಿದ್ಧಾಂತದಲ್ಲೂ ಈ ಅನಂತ ಬೇರೆ ರೂಪದಲ್ಲಿ ತಲೆಯೆತ್ತುತ್ತದೆ. 1940ರ ದಶಕದ ಕೊನೆಯಲ್ಲಿ ಟೊಮೊನಾಗ, ಶ್ವಿಂಗರ್ ಮತ್ತು ಫೈನ್‌ಮನ್ ಅದನ್ನು ನಿಭಾಯಿಸುವ ವಿಧಾನವನ್ನು ರೂಪಿಸಿದರು. ಆ ವಿಧಾನದಿಂದ ಎಲೆಕ್ಟ್ರಾನಿನ ಕಾಂತೀಯ ಗುಣಕ್ಕೆ ಬಂದ ಬೆಲೆ, ದಶಮಾಂಶದ ಹತ್ತನೆಯ ಸ್ಥಾನವನ್ನೂ ದಾಟಿ ಪ್ರಯೋಗದೊಂದಿಗೆ ಹೊಂದುತ್ತದೆ.

ಪ್ರಶ್ನೆ: ಪರಮಾಣುವಿನಲ್ಲಿ ಎಲೆಕ್ಟ್ರಾನ್ ಮೋಡದಂತೆ ಹರಡಿರುವುದಾದರೆ ಅದರ ಆವೇಶವೂ ಚೂರುಚೂರಾಗಿ ಹರಡಿರುತ್ತದೆಯೇ? ವೇಗದೊಂದಿಗೆ ಆವೇಶ ಬದಲಾಗುತ್ತದೆಯೇ?

ಉತ್ತರ: ಚೂರಾಗುವುದಿಲ್ಲ. ಹೈಡ್ರೋಜನ್ ಪರಮಾಣುವಿನಲ್ಲಿರುವುದು ಒಂದೇ ಎಲೆಕ್ಟ್ರಾನ್. ಅದರ ಆವೇಶ ನಿಜಕ್ಕೂ ಪುಡಿಯಾಗಿ ಹರಡಿದ್ದರೆ ಆ ಭಾಗಗಳು ಒಂದನ್ನೊಂದು ವಿಕರ್ಷಿಸಬೇಕಿತ್ತು, ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾಗುವ ಶಕ್ತಿಯೂ ಅದಕ್ಕೆ ತಕ್ಕಂತೆ ಬದಲಾಗಬೇಕಿತ್ತು. ಅಂಥ ವಿಕರ್ಷಣೆಯನ್ನು ಸೇರಿಸದೆ ಮಾಡಿದ ಲೆಕ್ಕವೇ 13.6 ಎಲೆಕ್ಟ್ರಾನ್ ವೋಲ್ಟ್ ಎಂಬ ಸರಿಯಾದ ಬೆಲೆಯನ್ನು ಕೊಡುತ್ತದೆ. ಮೋಡವೆಂದರೆ ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಎಂಬ ಸಂಭವನೀಯತೆಯ ಹಂಚಿಕೆ. ಸಿಕ್ಕಾಗಲೆಲ್ಲ ಅದು ಇಡಿಯಾಗಿ, 1.602176634 × 10⁻¹⁹ ಕೂಲಂಬಿನ ಪೂರ್ತಿ ಋಣ ಆವೇಶದೊಂದಿಗೇ ಸಿಗುತ್ತದೆ. ಈ ಪರಿಮಾಣವನ್ನು 2019ರಿಂದ ನಿಖರ ಬೆಲೆಯೆಂದೇ ನಿಗದಿ ಮಾಡಲಾಗಿದೆ.

ವೇಗಕ್ಕೂ ಆವೇಶ ಬಗ್ಗುವುದಿಲ್ಲ. ಯುರೇನಿಯಂನಂಥ ಭಾರದ ಪರಮಾಣುವಿನ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನು ಮೀರುತ್ತದೆ, ಹೈಡ್ರೋಜನ್ನಿನಲ್ಲಿ ಅದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದರೂ ಎರಡೂ ಪರಮಾಣುಗಳು ತಟಸ್ಥವಾಗಿಯೇ ಇರುತ್ತವೆ. ಎಲೆಕ್ಟ್ರಾನಿಗೆ ತೀರಾ ಸಮೀಪ ಹೋದಾಗ ಮಾತ್ರ ಆವೇಶ ಸ್ವಲ್ಪ ಹೆಚ್ಚಿದಂತೆ ತೋರುತ್ತದೆ, ಏಕೆಂದರೆ ದೂರದಿಂದ ನೋಡುವಾಗ ನಿರ್ವಾತವೇ ಅದರ ಒಂದಿಷ್ಟನ್ನು ಮರೆಮಾಡಿರುತ್ತದೆ. ವಿದ್ಯುತ್ಕಾಂತೀಯ ಬಲದ ತೀವ್ರತೆಯನ್ನು ಸೂಚಿಸುವ ಸಂಖ್ಯೆ ಸಾಮಾನ್ಯವಾಗಿ 1/137ರಷ್ಟಿದ್ದು, ಸರ್ನ್‌ನ ಡಿಕ್ಕಿಗಳ ಶಕ್ತಿಯಲ್ಲಿ ಸುಮಾರು 1/128ಕ್ಕೆ ಏರುತ್ತದೆ.

ಆವೇಶದ ಒಟ್ಟು ಮೊತ್ತ ಯಾವ ಕ್ರಿಯೆಯಲ್ಲೂ ಬದಲಾದದ್ದು ಕಂಡುಬಂದಿಲ್ಲ. ಎಲೆಕ್ಟ್ರಾನಿಗಿಂತ ಹಗುರವಾದ, ಆವೇಶವುಳ್ಳ ಕಣ ಬೇರೊಂದು ತಿಳಿದಿಲ್ಲವಾದ್ದರಿಂದ, ಅದು ಕ್ಷಯಿಸಬೇಕಾದರೆ ಈ ನಿಯಮವೇ ಮುರಿಯಬೇಕು. ಇಟಲಿಯ ಬೊರೆಕ್ಸಿನೊ ಪ್ರಯೋಗ ಅಂಥ ಕ್ಷಯವನ್ನು ಹುಡುಕಿ, ಕಾಣದೆ, ಎಲೆಕ್ಟ್ರಾನಿನ ಆಯುಷ್ಯ ಕನಿಷ್ಠ 6.6 × 10²⁸ ವರ್ಷಗಳೆಂದು 2015ರಲ್ಲಿ ಪ್ರಕಟಿಸಿತು.